ಜಾಲರಿಗೆ ಬಳಿದ ಬಣ್ಣ

ದೇವರ ಮುಂದಿನ ದೀಪ ಎಣ್ಣೆ ತೀರಿ ತಾನಾಗಿ ಆರುವಾಗ ಬತ್ತಿಯ ತುದಿ ಸ್ವಲ್ಪ ಹೊತ್ತು ಕೆಂಡದಂತಿದ್ದು ಆಮೇಲೆ ಕರ್ರಗಾಗುತ್ತದೆ. ಆಗ ಬರುವ ವಾಸನೆ ಎಲ್ಲರ ಮನೆಯಲ್ಲೂ ಬರುವಂಥದ್ದೇ. ನನ್ನ ಮಗಳಿಗೆ ಅದು ಬಹಳ ಇಷ್ಟ, ಅಜ್ಜಿಯ ನೆನಪಾಗುತ್ತದೆ ಅನ್ನುತ್ತಾಳೆ. ನನಗೆ ಆಗುವುದಿಲ್ಲ. ದೀಪ ಶಾಂತವಾಗುವ ಹೊತ್ತಿಗೆ ನಾನು ಏನಾದರೂ ನೆವ ಮಾಡಿಕೊಂಡು ಹಿತ್ತಲಿಗೆ ಹೋಗಿ ಒಣಗಿದ ಬಟ್ಟೆ ತೆಗೆಯುತ್ತಿರುತ್ತೇನೆ. ಸುಟ್ಟ ಹತ್ತಿಯ ಆ ವಾಸನೆ ನನಗೆ ನೆನಪಿಗೆ ತರುವುದು ದೇವರ ಮನೆಯನ್ನಲ್ಲ, ಬಾಗಿಲು ಕಿತ್ತುಹೋದ ಒಂದು ಕಬ್ಬಿಣದ ಪೆಟ್ಟಿಗೆಯನ್ನು. ಅದರ ಮುಂದೆ ತಲೆ ತಗ್ಗಿಸಿ ನಿಂತಿದ್ದ ಮುನಿರಾಜುವನ್ನು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಪೀಣ್ಯದ ರಸ್ತೆಗಳಲ್ಲಿ ಡಾಂಬರಿಗಿಂತ ಗುಂಡಿಯೇ ಹೆಚ್ಚು. ಯಶವಂತಪುರದಲ್ಲಿ ಬಸ್ಸು ಹತ್ತಿ ಜಾಲಹಳ್ಳಿ ಕ್ರಾಸಿನಲ್ಲಿ ಇಳಿದು, ಅಲ್ಲಿಂದ ಟಿಫಿನ್ ಡಬ್ಬಿಯ ಬುಟ್ಟಿ ಹಿಡಿದು ನಡೆಯಬೇಕಿತ್ತು. ಎರಡು ಫ್ಯಾಕ್ಟರಿಗಳ ನಡುವೆ ಇನ್ನೂ ಅಲ್ಲಲ್ಲಿ ಅವರೆ ಹೊಲ ಉಳಿದಿತ್ತು. ಕಾರ್ತಿಕ ಮಾಸದಲ್ಲಿ ಸೊಗಡಿನ ವಾಸನೆಯೂ ವೆಲ್ಡಿಂಗ್ ವಾಸನೆಯೂ ಒಟ್ಟಿಗೇ ಮೂಗಿಗೆ ಬರುತ್ತಿದ್ದವು. ನಾನು ಕೆಲಸ ಮಾಡುತ್ತಿದ್ದುದು ಸಿಮೆಂಟ್ ಶೀಟಿನ ಸೂರಿನ ಒಂದು ಸಣ್ಣ ಫ್ಯಾಕ್ಟರಿಯಲ್ಲಿ. ಕಾರ್ಖಾನೆಗಳ ಗೋಡೆಗೆ ಹೊಡೆಯುತ್ತಾರಲ್ಲ, ಒಳಗೆ ಬ್ರೇಕರ್ ಇರುವ ಬೂದು ಬಣ್ಣದ ಕಬ್ಬಿಣದ ಪೆಟ್ಟಿಗೆ, ಅದನ್ನು ಮಾಡುತ್ತಿದ್ದೆವು. ಬ್ರೇಕರ್ ನಮ್ಮದಲ್ಲ. ಅದು ಯಾವುದೋ ದೊಡ್ಡ ಕಂಪನಿಯಿಂದ ಥರ್ಮೋಕೋಲಿನಲ್ಲಿ ಕೂತು, ಪರೀಕ್ಷೆಯಲ್ಲಿ ಪಾಸಾದ ಸರ್ಟಿಫಿಕೇಟಿನ ಜೊತೆಗೇ ಬರುತ್ತಿತ್ತು. ಎಲ್ಲಾದರೂ ಶಾರ್ಟ್ ಸರ್ಕ್ಯೂಟ್ ಆದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಕರೆಂಟನ್ನು ಕಡಿದುಹಾಕುವುದು ಅದರ ಕೆಲಸ. ಅದಕ್ಕೊಂದು ಮನೆ ಕಟ್ಟುವುದು ನಮ್ಮ ಕೆಲಸ. ಶೀಟು ಕತ್ತರಿಸಿ, ಮಡಿಸಿ, ವೆಲ್ಡ್ ಮಾಡಿ, ಬಣ್ಣ ಬಳಿದು, ಬ್ರೇಕರ್ ಕೂರಿಸಿ, ವೈರು ಎಳೆದು ಕಳಿಸುತ್ತಿದ್ದೆವು. ವೈರು ಎಳೆಯುವ ಬೆಂಚಿನಲ್ಲಿ ನಾವು ಹೆಂಗಸರೇ ಇದ್ದೆವು. ನಮ್ಮ ಬೆರಳು ಸಣ್ಣ, ಸಂಬಳವೂ ಸಣ್ಣ.

ಬಣ್ಣದ ಕೆಲಸ ಮುನಿರಾಜುವಿನದು. ಫ್ಯಾಕ್ಟರಿ ಹಿಂದಿನ ಊರಿನವನು, ನನಗಿಂತ ಎರಡು ಮೂರು ವರ್ಷ ದೊಡ್ಡವನಿದ್ದರೂ ನನ್ನನ್ನು ಅಕ್ಕ ಅನ್ನುತ್ತಿದ್ದ. ಹುಬ್ಬು, ಕಿವಿಯ ಅಂಚು, ಉಗುರು ಎಲ್ಲ ಬೂದು. ಸಂಜೆ ಥಿನ್ನರಿನಲ್ಲಿ ಎಷ್ಟು ಒರೆಸಿಕೊಂಡರೂ ಕಿವಿಯ ಹಿಂದೆ ಒಂದಿಷ್ಟು ಉಳಿದೇ ಇರುತ್ತಿತ್ತು. ಹೆಂಡತಿ ಗೌರಿ ಅದನ್ನು ನೋಡಿ, ನಿನಗೂ ತುಕ್ಕು ಹಿಡಿಯಾಕಿಲ್ಲ ಬಿಡು ಅನ್ನುತ್ತಿದ್ದಳಂತೆ.

ಅವನು ಬಣ್ಣ ಹೊಡೆಯುವ ಬೂತು ಇದ್ದ ಜಾಗದಲ್ಲೇ ಅವನಪ್ಪನ ಕಣ ಇತ್ತು. ಇಂಡಸ್ಟ್ರಿಗೆ ಅಂತ ಜಮೀನು ಹೋದಾಗ, ನೆಲ ಕೊಟ್ಟ ಮನೆಗೊಂದು ಕೆಲಸ ಅಂತ ಊರವರಿಗೆ ಬಾಯಿಮಾತಿನಲ್ಲಿ ಹೇಳಿದ್ದರಂತೆ. ಆ ಮಾತಿನ ಮೇಲೆ ಅವನು ಒಳಗೆ ಬಂದದ್ದು. ಬಂದಾಗಲೂ ಟೆಂಪರರಿ, ವರ್ಷಗಳಾದ ಮೇಲೂ ಟೆಂಪರರಿ.

"ಇಲ್ಲೇ ಕಣಕ್ಕ ನಮ್ಮಪ್ಪ ರಾಗಿ ತೂರ್ತಿದ್ದುದು," ಅಂತ ಒಮ್ಮೆ ಟೀ ಕುಡಿಯುತ್ತಾ ಹೇಳಿದ್ದ. "ಆಗ ಗಾಳಿ ಬೀಸ್ಲಪ್ಪ ಅಂತ ಬೇಡ್ಕಂತಿದ್ವಿ. ಈಗ ಅದೇ ಜಾಗದಾಗೆ ನಿಂತು ಗಾಳಿ ಬೀಸ್ಬ್ಯಾಡಪ್ಪ, ಪೇಂಟಿಗೆ ಧೂಳು ಕೂರ್ತದೆ ಅಂತ ಬೇಡ್ಕಂತೀನಿ. ದೇವ್ರಿಗೂ ತಲೆ ಕೆಟ್ಟೋಗಿರ್ಬೇಕು."

ಪರ್ಮನೆಂಟ್ ಆಗದಿದ್ದರೆ ಅಪ್ಪ ನೆಲ ಕೊಟ್ಟದ್ದು ದಂಡ ಅನ್ನುವುದು ಅವನ ಲೆಕ್ಕ. ಅದನ್ನು ನಗುನಗುತ್ತಲೇ ಹೇಳುತ್ತಿದ್ದ, ಆದರೆ ಹೇಳದೆ ಬಿಟ್ಟ ವಾರವಿರಲಿಲ್ಲ.

ಆ ವರ್ಷ ನಮ್ಮ ಪೆಟ್ಟಿಗೆಯಲ್ಲಿ ಎರಡು ಬದಲಾವಣೆ ಆದವು. ಮೊದಲನೆಯದು ಹಲ್ಲಿಯಿಂದ. ಪೆಟ್ಟಿಗೆಯ ಪಕ್ಕದಲ್ಲಿ ಬಿಸಿಗಾಳಿ ಹೋಗಲೆಂದು ಮೀನಿನ ಕಿವಿರಿನಂತೆ ಸೀಳಿ ಬಿಡುತ್ತಿದ್ದೆವು. ಮಳೆಗಾಲದ ಮೊದಲಲ್ಲಿ ಒಂದು ಅಕ್ಕಿ ಗಿರಣಿಗೆ ಹೋಗಿದ್ದ ಪೆಟ್ಟಿಗೆಯೊಳಗೆ ಆ ಸೀಳಿನಿಂದ ಹಲ್ಲಿ ನುಗ್ಗಿ, ಎರಡು ತಾಮ್ರದ ಪಟ್ಟಿಯ ಮಧ್ಯೆ ಸಿಕ್ಕಿಕೊಂಡು ಸುಟ್ಟು ಗಿರಣಿಯೇ ನಿಂತುಹೋಯಿತು. ಗಿರಣಿಯವನು ಪೆಟ್ಟಿಗೆಯನ್ನು ವಾಪಸ್ ತಂದಾಗ ಹಲ್ಲಿಯನ್ನೂ ಒಂದು ಪೇಪರಿನಲ್ಲಿ ಸುತ್ತಿ ತಂದಿದ್ದ. ಆಮೇಲೆ ಸೀಳಿನ ಹಿಂದೆ ಸಣ್ಣ ಕಣ್ಣಿನ ತಂತಿ ಜಾಲರಿ ಹಾಕುವುದೆಂದು ಆಯಿತು.

ಎರಡನೆಯದು ಶ್ರಾವಣದಲ್ಲಿ ಸದ್ದಿಲ್ಲದೆ ಬಂತು. ಪೆಟ್ಟಿಗೆ ಗಿಡ್ಡವಾಯಿತು. ಶೀಟು ಉಳಿಸಲು ಓನರ್ ಮಾಡಿದ ಯೋಚನೆ. ಯಾರೂ ನಮಗೆ ಹೇಳಲಿಲ್ಲ, ನನ್ನ ಕೈಗೇ ಗೊತ್ತಾಯಿತು. ಬ್ರೇಕರಿನ ಮೇಲ್ಭಾಗದ ಬೋಲ್ಟು ಬಿಗಿ ಮಾಡುವಾಗ ಮೊದಲು ಸ್ಪ್ಯಾನರ್ ಸಲೀಸಾಗಿ ತಿರುಗುತ್ತಿತ್ತು. ಈಗ ಪ್ರತಿ ಸುತ್ತಿಗೂ ಬೆರಳ ಗೆಣ್ಣು ಪೆಟ್ಟಿಗೆಯ ತಾರಸಿಗೆ ಉಜ್ಜಿ ತರಚುತ್ತಿತ್ತು. ಸಂಜೆ ಸಾರಿಗೆ ಹುಣಸೆಹಣ್ಣು ಕಿವುಚಿದರೆ ಕಣ್ಣಲ್ಲಿ ನೀರು ಬರುವಷ್ಟು ಉರಿ. ಸೂಪರ್‌ವೈಸರ್ ಕೇಶವಮೂರ್ತಿಯವರಿಗೆ ಹೇಳಿದೆ.

"ಸಾರ್, ಮೇಲ್ಗಡೆ ಕೈಯಾಡಲ್ಲ ಇದರಲ್ಲಿ."

"ಕೈ ಸಣ್ಣ ಮಾಡ್ಕೊಳ್ಳಮ್ಮ ಸುಶೀಲಾ. ರಾತ್ರಿ ಊಟ ಬಿಡು," ಅಂದರು. ಬೆಂಚಿನವರೆಲ್ಲ ನಕ್ಕರು, ನಾನೂ ನಕ್ಕೆ. ಕೆಟ್ಟವರಲ್ಲ ಅವರು. ಮೂರು ಹೆಣ್ಣುಮಕ್ಕಳ ತಂದೆ, ಓನರ್ ಮುಂದೆ ನಿಂತರೆ ಜೇಬಿನ ಪೆನ್ನನ್ನು ತೆಗೆದು ಹಾಕಿ ಮಾಡುತ್ತಾ ಮಾತೇ ಮರೆತುಬಿಡುತ್ತಿದ್ದರು, ಅಷ್ಟೆ.

ಆಯುಧಪೂಜೆಯ ದಿನ ಮೆಷಿನ್ನುಗಳಿಗೆಲ್ಲ ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಕಡಲೆಪುರಿ ಹಂಚಿದ ಮೇಲೆ ಓನರ್ ಎಲ್ಲರನ್ನೂ ಕರೆದು ನಿಲ್ಲಿಸಿದರು. ದೊಡ್ಡ ಸರ್ಕಾರಿ ಕಾರ್ಖಾನೆಯೊಂದರಿಂದ ಆರ್ಡರ್ ಬರುವುದಿತ್ತು. ಆದರೆ ಅವರದೊಂದು ಷರತ್ತು. ಬ್ರೇಕರ್ ಬಯಲಲ್ಲಿ ಪಾಸಾಗಿದ್ದರೆ ಸಾಲದು, ನಿಮ್ಮ ಪೆಟ್ಟಿಗೆಯೊಳಗೆ ಕೂತೂ ಪಾಸಾಗಬೇಕು. ಸಿಟಿಯ ಟೆಸ್ಟಿಂಗ್ ಸ್ಟೇಷನ್ನಿಗೆ ಒಯ್ದು, ಬಾಗಿಲು ಮುಚ್ಚಿ, ಬೇಕೆಂದೇ ಶಾರ್ಟ್ ಸರ್ಕ್ಯೂಟ್ ಮಾಡಿ ನೋಡುತ್ತಾರೆ.

"ಇದೊಂದು ಪಾಸಾಗಲಿ," ಅಂದರು ಓನರ್. "ಟೆಂಪರರಿ ಇರೋರನ್ನೆಲ್ಲ ಪರ್ಮನೆಂಟ್ ಮಾಡ್ತೀನಿ. ಮೊದಲ ಹೆಸರು ಮುನಿರಾಜುದೇ. ನೆಲ ಕೊಟ್ಟ ಮನೆಯೋನು."

ಮುನಿರಾಜು ಕಡಲೆಪುರಿಯ ಪೊಟ್ಟಣವನ್ನು ಹಾಗೇ ಹಿಡಿದುಕೊಂಡು ನಿಂತಿದ್ದ. ತಿನ್ನಲಿಲ್ಲ, ಮನೆಗೆ ಒಯ್ದ.

ಪರೀಕ್ಷೆಯ ಪೆಟ್ಟಿಗೆ ಮಾಡಿದ್ದು ಕಾರ್ತಿಕದಲ್ಲಿ. ಎಲ್ಲೋ ಸಮುದ್ರದಲ್ಲಿ ವಾಯುಭಾರ ಕುಸಿದು ಬೆಂಗಳೂರಿಗೆ ಬಿಡದೆ ಜಿಟಿಜಿಟಿ ಹಿಡಿದಿತ್ತು. ಬಟ್ಟೆ ಒಣಗದು, ಬಣ್ಣವೂ ಒಣಗದು. ಬೆಳಿಗ್ಗೆ ಹಾಕಿದ ಜಾಲರಿಗೆ ಮರುದಿನ ಬೆಳಿಗ್ಗೆ ಕೆಂಪು ತುಕ್ಕು. ಕೇಶವಮೂರ್ತಿಯವರು ಬೆರಳಲ್ಲಿ ಉಜ್ಜಿ ನೋಡಿ ಮುನಿರಾಜುವನ್ನು ಕರೆದರು.

"ನೋಡಪ್ಪಾ, ಅಲ್ಲಿ ದೊಡ್ಡ ದೊಡ್ಡ ಎಂಜಿನಿಯರ್‌ಗಳು ಇರ್ತಾರೆ. ಅವರು ಮೊದಲು ನೋಡೋದೇ ತುಕ್ಕು. ಒಂದು ಚುಕ್ಕೆ ಕಾಣಬಾರದು."

"ಕಾಣಾಕಿಲ್ಲ ಬಿಡಿ ಸಾರ್."

ಸ್ಪ್ರೇ ಗನ್ನಿನಿಂದ ಬಿಟ್ಟ ಬಣ್ಣ ಸೀಳುಗಳ ಒಳಮೈಗೆ, ಜಾಲರಿಯ ಸಂದಿಗೆ ಹೋಗುವುದಿಲ್ಲವೆಂದು ಮುನಿರಾಜು ಸಣ್ಣ ಬ್ರಷ್ಷಿನಲ್ಲಿ, ಹೆಣ್ಣುಮಕ್ಕಳು ಕಾಲಿಗೆ ಅರಿಸಿನ ಹಚ್ಚುವ ಹಾಗೆ, ಒಂದೊಂದೇ ಎಳೆ ಹುಡುಕಿ ಬಳಿದ. ಒಂದು ಕೋಟು ಒಣಗಿದ ಮೇಲೆ ಇನ್ನೊಂದು. ಥಂಡಿಗೆ ಬಣ್ಣ ಗಟ್ಟಿಯಾಗಿತ್ತು. ಒಣಗಲೆಂದು ಮನೆಯಿಂದ ಇದ್ದಿಲ ಒಲೆ ತಂದು ಪೆಟ್ಟಿಗೆಯ ಪಕ್ಕ ಇಟ್ಟು ಕುಕ್ಕರಗಾಲಲ್ಲಿ ಕೂತ. ನಾವು ಬೆಂಚಿನಿಂದಲೇ ಕೆಣಕಿದೆವು.

"ಏನ್ ಮುನಿರಾಜು, ಬಾಣಂತಿಗೆ ಕಾಸ್ತಾ ಇದ್ದೀಯಾ?"

"ಮದ್ವೆ ಎಣ್ಣು ಕಣ್ರಕ್ಕ. ಬೇರೆಯೋರ ಮನೆಗೆ ಓಗೋಳು. ನಾಳೆ ಇಂಗೈತೆ ಅಂಗೈತೆ ಅನ್ಬಾರ್ದು."

ಪೆಟ್ಟಿಗೆ ನಿಜಕ್ಕೂ ಚೆನ್ನಾಗಿತ್ತು. ಮುಖ ಕಾಣುವಷ್ಟು ನುಣುಪು. ಓನರ್ ಬಂದು ನೋಡಿ, ಪೆಟ್ಟಿಗೆ ಅಂದರೆ ಇದಪ್ಪಾ, ಅಂದರು. ಕೇಶವಮೂರ್ತಿಯವರು ಜಾಲರಿಯನ್ನು ಹತ್ತಿರದಿಂದ ನೋಡಿ ತಲೆಯಾಡಿಸಿದರು. ತುಕ್ಕು ಎಲ್ಲೂ ಇರಲಿಲ್ಲ. ಆ ಪೆಟ್ಟಿಗೆಗೆ ವೈರು ಎಳೆದದ್ದು ನಾನು. ಅದೂ ಗಿಡ್ಡ ಪೆಟ್ಟಿಗೆಯೇ. ಬಣ್ಣಕ್ಕೆ ಗೀರಾಗದಿರಲೆಂದು ಈ ಸಲ ಬೆರಳಿಗೆ ಬಟ್ಟೆ ಸುತ್ತಿಕೊಂಡು ಬೋಲ್ಟು ಬಿಗಿ ಮಾಡಿದೆ.

ಸ್ಟೇಷನ್ನಿಗೆ ಟೆಂಪೋದಲ್ಲಿ ಹೋದೆವು. ವೈರಿಂಗ್ ಏನಾದರೂ ಸಡಿಲವಾದರೆ ಬೇಕಾಗುತ್ತದೆಂದು ನಾನು, ಬಣ್ಣಕ್ಕೆ ಪೆಟ್ಟಾದರೆ ಹಚ್ಚಲು ಡಬ್ಬಿ ಬ್ರಷ್ಷಿನ ಸಮೇತ ಮುನಿರಾಜು, ಮುಂದೆ ಡ್ರೈವರಿನ ಪಕ್ಕ ಕೇಶವಮೂರ್ತಿ. ದಾರಿಯುದ್ದಕ್ಕೂ ಮುನಿರಾಜು ಪೆಟ್ಟಿಗೆಗೆ ಕಂಬಳಿ ಹೊದಿಸಿ ತಬ್ಬಿಕೊಂಡೇ ಕೂತಿದ್ದ. ಗುಂಡಿ ಬಂದಾಗಲೆಲ್ಲ ಡ್ರೈವರಿಗೆ, "ನಿಧಾನ ಗುರು, ಒಳಗೆ ಮದ್ವೆ ಎಣ್ಣು ಐತೆ," ಅನ್ನುತ್ತಿದ್ದ.

ಆ ಸ್ಟೇಷನ್ನಿನ ಎಂಜಿನಿಯರ್ ತೆಳ್ಳಗಿನ ಮನುಷ್ಯ, ನಡು ವಯಸ್ಸು. ನಮ್ಮನ್ನು ಕಂಡವರೇ ಕೇಳಿದ್ದು, "ಹತ್ತಿ ತಂದಿದ್ದೀರಾ?" ಅಂತ. ಕೇಶವಮೂರ್ತಿಯವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಸ್ಟೇಷನ್ನಿನಲ್ಲಿದ್ದ ಹತ್ತಿ ಹಿಂದಿನ ದಿನವೇ ಮುಗಿದಿತ್ತಂತೆ. ನಾನೇ ರಸ್ತೆ ದಾಟಿ ಮೆಡಿಕಲ್ ಶಾಪಿನಿಂದ ನೀಲಿ ಕಾಗದದಲ್ಲಿ ಸುತ್ತಿದ್ದ ಹತ್ತಿಯ ಸುರುಳಿ ತಂದೆ. ಅದನ್ನು ತೆಳ್ಳಗೆ ಬಿಡಿಸಿ, ಪೆಟ್ಟಿಗೆಯ ಸೀಳುಗಳ ಮುಂದೆ, ಬಾಗಿಲಿನ ಅಂಚಿನ ಸುತ್ತ ಕೂರಿಸಬೇಕು. ಒಳಗಿನ ಬೆಂಕಿ ಹೊರಗೆ ಬಂದರೆ ಹತ್ತಿ ಹೇಳುತ್ತದೆ. ಪೆಟ್ಟಿಗೆಯ ಮೈಗೆ ಒಂದು ಕೂದಲೆಳೆಯಂಥ ತಂತಿಯನ್ನೂ ಕಟ್ಟಿದರು. ಕರೆಂಟು ಪೆಟ್ಟಿಗೆಗೆ ಹಾರಿದರೆ ಆ ತಂತಿ ಕರಗಿ ಹೇಳುತ್ತದೆ.

ಹತ್ತಿ ಬಿಡಿಸುವುದು ನನಗೆ ಹೊಸದಲ್ಲ. ಮನೆಯಲ್ಲಿ ಅತ್ತೆಯ ಜೊತೆ ಕೂತು ಬೀಜ ತೆಗೆದು, ಎಳೆದೆಳೆದು ಬತ್ತಿ ಹೊಸೆದ ಕೈ. ಎಂಜಿನಿಯರ್ ನೋಡಿ, "ಪರವಾಗಿಲ್ವೇ, ನಮ್ಮ ಹುಡುಗರು ಹಾಸಿಗೆ ತುಂಬೋ ಹಾಗೆ ತುರುಕ್ತಾರೆ," ಅಂದರು. ಮುನಿರಾಜು ಪಕ್ಕದಲ್ಲೇ ನಿಂತು, ಅಕ್ಕಾ ಆ ಮೂಲೆಗೆ ಒಸಿ, ಈ ಮೂಲೆಗೆ ಒಸಿ, ಅಂತ ತೋರಿಸುತ್ತಿದ್ದ. ಬೂದು ಪೆಟ್ಟಿಗೆಯ ಸುತ್ತ ಬಿಳಿ ಹತ್ತಿ. ಗೆಜ್ಜೆವಸ್ತ್ರ ಹಾಕಿದ ದೇವರಂತೆ ಕಾಣುತ್ತಿತ್ತು.

ಎಲ್ಲರೂ ದಪ್ಪ ಗೋಡೆಯ ಹಿಂದೆ ಹೋಗಿ ದಪ್ಪ ಗಾಜಿನಿಂದ ನೋಡಬೇಕು. ಗಂಟೆ ಹೊಡೆಯಿತು. ಆಮೇಲೆ ಒಂದು ಸದ್ದು. ಪಟಾಕಿಯ ಹಾಗಲ್ಲ, ಭಾರವಾದ ಕಬ್ಬಿಣದ ಬಾಗಿಲನ್ನು ಯಾರೋ ಎದೆಯೊಳಗೆ ಹಾಕಿದ ಹಾಗೆ. ಪೆಟ್ಟಿಗೆ ಒಮ್ಮೆ ಅದುರಿ ನಿಂತಿತು. ಒಳಗೆ ಹೋಗಿ ನೋಡಿದರೆ ಹತ್ತಿ ಬೆಳ್ಳಗೇ ಇತ್ತು. ಕೂದಲೆಳೆಯ ತಂತಿಯೂ ಇತ್ತು. ಬ್ರೇಕರ್ ತನ್ನ ಕೆಲಸ ಮಾಡಿ ಕರೆಂಟು ಕಡಿದಿತ್ತು.

"ಪಾಸಾ ಸಾರ್?" ಅಂದ ಮುನಿರಾಜು.

"ಅರ್ಧ," ಅಂದರು ಎಂಜಿನಿಯರ್. "ಈಗ ಬ್ರೇಕರ್ ತಾನಾಗಿ ಬಿದ್ದಿದೆ. ಸ್ವಲ್ಪ ಹೊತ್ತು ಬಿಟ್ಟು, ಇದೇ ಶಾರ್ಟ್ ಮೇಲೆ ಮತ್ತೆ ಆನ್ ಮಾಡ್ತೀವಿ. ಆಗಲೂ ಹೀಗೇ ಬೀಳಬೇಕು."

ಆ ಸ್ವಲ್ಪ ಹೊತ್ತಿನಲ್ಲಿ ಮುನಿರಾಜು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಗೌರಿಗೆ ಒಂದು ಸೀರೆ ತಗೋಬೇಕು ಕಣಕ್ಕ, ಚಿಕ್ಕಪೇಟೇಲಿ ಯಾವ ಅಂಗಡಿ ಒಳ್ಳೇದು?" ಅಂತ ಕೇಳಿದ. ನಾನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಗಂಟೆಯಾಯಿತು.

ಎರಡನೆಯ ಸದ್ದು ಬೇರೆ ಇತ್ತು. ಗಾಜಿನ ಆಚೆ ಬೆಳ್ಳಗೆ ಹೊಳೆದು ಕಿತ್ತಳೆಯಾಯಿತು. ಪೆಟ್ಟಿಗೆಯ ಬಾಗಿಲು ಒಂದು ಕೀಲು ಕಿತ್ತು ಜೋತಾಡಿತು. ಹತ್ತಿ ಹತ್ತಿಕೊಂಡು ಚೂರುಚೂರಾಗಿ, ಉರಿಯುವ ಹೂವಿನ ಹಾಗೆ ನೆಲಕ್ಕೆ ಇಳಿಯಿತು.

ಹೊಗೆ ಹೋಗುವವರೆಗೂ ಗೋಡೆಯ ಹಿಂದೆಯೇ ಇದ್ದೆವು. ಹತ್ತಿರ ಹೋದಾಗ ಬಂದದ್ದು ಆ ವಾಸನೆ, ದೀಪ ಆರಿದ ವಾಸನೆ, ಅದರ ಹಿಂದೆ ಸುಟ್ಟ ಬಣ್ಣದ ಕಟು ಘಾಟು. ಎಂಜಿನಿಯರ್ ಟಾರ್ಚು ಹಿಡಿದು ಒಳಗೆಲ್ಲ ನೋಡಿದರು. ಬೆರಳು ಬಾಗಿಸಿ ಗೆಣ್ಣನ್ನು ಬ್ರೇಕರಿನ ತಲೆ ಮತ್ತು ಪೆಟ್ಟಿಗೆಯ ತಾರಸಿಯ ನಡುವೆ ತೂರಿಸಿ ನೋಡಿದರು. ತಾರಸಿ ಮಸಿ ಹಿಡಿದು ಉಬ್ಬಿತ್ತು. ಆಮೇಲೆ ಜಾಲರಿಗೆ ಟಾರ್ಚು ಬಿಟ್ಟರು. ಆಚೆ ಬೆಳಕು ಬರಲಿಲ್ಲ.

"ನೋಡಿ," ಅಂದರು ಕೇಶವಮೂರ್ತಿಯವರಿಗೆ. "ಬ್ರೇಕರ್ ಕರೆಂಟು ಕಡಿಯೋವಾಗ ಬಿಸಿ ಗ್ಯಾಸು ಉಗುಳುತ್ತೆ. ಬಯಲಲ್ಲಿ ಇಟ್ಟಾಗ ಅದಕ್ಕೆ ಆಕಾಶವೇ ಇತ್ತು, ಪಾಸಾಯ್ತು. ಇಲ್ಲಿ ತಲೆ ಮೇಲೆ ಜಾಗವೇ ಇಲ್ಲ. ಬ್ರೇಕರ್ ಕಂಪನಿಯವರು ಇಷ್ಟು ಬಿಡಿ ಅಂತ ಹೇಳಿರ್ತಾರಲ್ಲ, ಅದರ ಅರ್ಧವೂ ಇಲ್ಲ. ಮುಖ್ಯ ತಪ್ಪು ಅದು. ಸಾಲದ್ದಕ್ಕೆ ಜಾಲರಿ ಕಣ್ಣೆಲ್ಲ ಪೇಂಟು ಕಟ್ಟಿಬಿಟ್ಟಿದೆ. ಎಲ್ಲಿ ಹೋಗ್ಬೇಕು ಗ್ಯಾಸು? ಬಾಗಿಲು ಒದ್ದು ಹೋಯ್ತು."

ಮುನಿರಾಜುವಿನ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ ಇರಬೇಕು. ಅವನು ಮುಂದೆ ಬಂದು ಜಾಲರಿಯನ್ನು ಬೆರಳಿನಿಂದ ಮುಟ್ಟಿದ. ಸುಟ್ಟಿತು ಅಂತ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ವಾಪಸ್ ಬರುವಾಗ ಪೆಟ್ಟಿಗೆಗೆ ಕಂಬಳಿ ಹೊದಿಸಲಿಲ್ಲ. ಗೊರಗುಂಟೆಪಾಳ್ಯದ ಹತ್ತಿರ ಮಳೆ ಜೋರಾಯಿತು. ನನ್ನ ಬುಟ್ಟಿಯಲ್ಲಿ ಉಳಿದ ಹತ್ತಿ ಇತ್ತು, ನೆನೆಯದಿರಲೆಂದು ಸೆರಗಿನೊಳಗೆ ಇಟ್ಟುಕೊಂಡೆ. ಅದನ್ನು ಅತ್ತೆ ಆ ಕಾರ್ತಿಕ ಪೂರ್ತಿ ಬತ್ತಿ ಹೊಸೆದರು. ಅಂಗಡಿ ಹತ್ತಿಯೇ ಚೆನ್ನ ಸುಶೀಲಾ, ಬೀಜ ತೆಗೆಯೋ ಕಾಟ ಇಲ್ಲ, ಅಂದರು.

ಮರುದಿನ ಬೆಳಿಗ್ಗೆ ಓನರ್ ರೂಮಿಗೆ ಮೂವರನ್ನೂ ಕರೆಸಿದರು. ಪೆಟ್ಟಿಗೆಯನ್ನು ಹೊರಗೆ ಜಗಲಿಯ ಮೇಲೆ ಇಟ್ಟಿದ್ದರು.

"ಅಷ್ಟು ದಪ್ಪ ಬಳಿಯೋಕೆ ಅದೇನು ನಿಮ್ಮನೆ ಗೋಡೆ ಏನಯ್ಯಾ?"

"ಸಾರ್, ತುಕ್ಕು ಕಾಣಬಾರದು ಅಂತ ಕೇಶವಮೂರ್ತಿ ಸಾರು ಏಳಿದ್ರು."

ಕೇಶವಮೂರ್ತಿಯವರು ಪೆನ್ನು ತೆಗೆದು ನೋಡಿ ಮತ್ತೆ ಜೇಬಿಗೆ ಹಾಕಿದರು. "ತುಕ್ಕು ಕಾಣಬಾರದು ಅಂದೆ ಕಣಪ್ಪಾ. ತೂತು ಮುಚ್ಚು ಅಂದ್ನಾ?" ಅಂದರು. ಹೇಳಿ ಕಿಟಕಿಯ ಕಡೆ ತಿರುಗಿದರು.

ನಾನು ಹೇಳಿದೆ. ಹೇಳಲೇಬೇಕೆಂದು ಬಸ್ಸಿನಲ್ಲೇ ಅಂದುಕೊಂಡು ಬಂದಿದ್ದೆ. "ಸಾರ್, ಮುಖ್ಯ ತಪ್ಪು ಪೇಂಟಲ್ಲ ಅಂದ್ರು ಅಲ್ಲಿ ಎಂಜಿನಿಯರ್. ಪೆಟ್ಟಿಗೆ ಗಿಡ್ಡ ಆಗಿದೆ, ಬ್ರೇಕರ್ ಮೇಲೆ ಜಾಗ ಇಲ್ಲ ಅಂದ್ರು. ನಾನು ಪಕ್ಕದಲ್ಲೇ ಇದ್ದೆ."

ಓನರ್ ನನ್ನ ಕಡೆ ನೋಡಿದರು. ಸಿಟ್ಟಿರಲಿಲ್ಲ ಮುಖದಲ್ಲಿ, ನಗೆ ಇತ್ತು. "ನಿಂದು ಯಾವ ಕಾಲೇಜಮ್ಮ?"

ನಾನು ಗೆಣ್ಣು ತರಚಿದ ಕೈಯನ್ನು ಸೆರಗಿನಡಿಗೆ ಎಳೆದುಕೊಂಡೆ.

"ಇವರೇ ಪೆಟ್ಟಿಗೆ ಡಿಸೈನ್ ಮಾಡ್ತಾರೆ ಇನ್ಮೇಲೆ ಕೇಶವಮೂರ್ತಿ, ನೀವು ಹೋಗಿ ವೈರಿಂಗ್ ಮಾಡಿ," ಅಂದು ಮತ್ತೆ ಮುನಿರಾಜು ಕಡೆ ತಿರುಗಿದರು. "ಪೆಟ್ಟಿಗೆ ದುಡ್ಡು ನಿನ್ನ ಸಂಬಳದಲ್ಲಿ ಹಿಡ್ಕೊಳ್ತೀವಿ. ನಾಳೆಯಿಂದ ಬರಬೇಡ."

ಮುನಿರಾಜು ಬೇಡಿಕೊಳ್ಳುತ್ತಾನೆ ಅಂದುಕೊಂಡೆ. ಅಪ್ಪನ ನೆಲದ ಮಾತು ತೆಗೆಯುತ್ತಾನೆ ಅಂದುಕೊಂಡೆ. ಅವನು ಜಗಲಿಯ ಕಡೆ ನೋಡಿ, "ಅಂಗಾರೆ ಪೆಟ್ಟಿಗೆ ನಂದಾಯ್ತಲ್ಲ ಸಾರ್," ಅಂದ.

ಜಗಲಿಗೆ ಬಂದು, ಗೋಣಿತಾಟು ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡ. ಬ್ರೇಕರನ್ನು ಆಗಲೇ ಬಿಚ್ಚಿ ತೆಗೆದಿದ್ದರು. ನಾನೂ ವೆಲ್ಡಿಂಗಿನವನೂ ಸೇರಿ ಪೆಟ್ಟಿಗೆಯನ್ನು ಅವನ ತಲೆಗೆ ಎತ್ತಿಕೊಟ್ಟೆವು. ಜೋತಾಡುತ್ತಿದ್ದ ಬಾಗಿಲನ್ನು ಕಿತ್ತು ಕಂಕುಳಲ್ಲಿ ಇಟ್ಟುಕೊಂಡ. ಗೇಟಿನಲ್ಲಿ ವಾಚ್‌ಮನ್ ಅಡ್ಡ ನಿಂತು, "ಪಾಸ್ ಎಲ್ಲಿ ಮುನಿರಾಜು? ಪಾಸ್ ಇಲ್ದೆ ಸಾಮಾನು ಬಿಟ್ರೆ ನನ್ ಕೆಲಸ ಹೋಗುತ್ತೆ," ಅಂದ.

"ನೆಲ ಒಳಕ್ಕೋಗೋವಾಗ ಯಾರೂ ಪಾಸ್ ಕೇಳ್ಲಿಲ್ಲವಲ್ಲಣ್ಣ," ಅಂದ ಮುನಿರಾಜು.

ವಾಚ್‌ಮನ್ ಓನರ್ ರೂಮಿನ ಕಿಟಕಿಯತ್ತ ನೋಡಿದ. ಅಲ್ಲಿಂದ ಏನೂ ಹೇಳಿಕೆ ಬರಲಿಲ್ಲ. ಗೇಟು ತೆಗೆದ. ಅವರೆ ಹೊಲದ ಬದುವಿನ ಮೇಲೆ ಆ ಬೂದು ಪೆಟ್ಟಿಗೆ ಜಿಟಿಜಿಟಿಯಲ್ಲಿ ಹೋಗುವುದು ಬೆಂಚಿನಿಂದ ಬಹಳ ದೂರದವರೆಗೆ ಕಾಣುತ್ತಿತ್ತು. ಕೆಳಗೆ ಮನುಷ್ಯ ಇದ್ದಾನೆ ಅನ್ನುವುದು ಕಾಣುತ್ತಿರಲಿಲ್ಲ.

ಅದಾದ ಮೇಲೆ ಎಲ್ಲವೂ ಬೇಗ ಬೇಗ ಆಯಿತು. ಕೇಶವಮೂರ್ತಿಯವರು ಯಾರಿಗೂ ಏನೂ ಹೇಳದೆ ಹಳೆಯ ಎತ್ತರದ ಅಳತೆಗೇ ಹೊಸ ಪೆಟ್ಟಿಗೆ ಮಾಡಿಸಿದರು. ಎತ್ತರ ಮಾಡಿದ್ದೇಕೆ ಎಂದು ಓನರ್ ಕೇಳಲಿಲ್ಲ. ಕೇಳದೆ ಇದ್ದದ್ದರಿಂದಲೇ ನನಗೆ ಗೊತ್ತಾಯಿತು, ಅವರಿಗೆ ಮೊದಲೇ ಗೊತ್ತಿತ್ತೆಂದು. ಈ ಸಲ ನನ್ನನ್ನು ಸ್ಟೇಷನ್ನಿಗೆ ಕರೆದೊಯ್ಯಲಿಲ್ಲ. ಹತ್ತಿಯನ್ನು ಮಾತ್ರ, ನೀನೇ ಬಿಡಿಸಿಕೊಡಮ್ಮ, ಅಂತ ಹಿಂದಿನ ದಿನವೇ ಬಿಡಿಸಿಕೊಂಡರು. ಎರಡು ಸಲವೂ ಹತ್ತಿ ಬೆಳ್ಳಗೇ ಉಳಿಯಿತಂತೆ. ಪಾಸಾಯಿತು. ಆರ್ಡರ್ ಬಂತು. ಓನರ್ ಮಾತು ಉಳಿಸಿಕೊಂಡರು. ಟೆಂಪರರಿ ಇದ್ದವರೆಲ್ಲರಿಗೂ, ನನಗೂ, ಪರ್ಮನೆಂಟ್ ಆದ ಕಾಗದ ಕೊಟ್ಟು ಜೊತೆಗೆ ಎರಡೆರಡು ಮೈಸೂರುಪಾಕು ಕೊಟ್ಟರು. ನಮ್ಮನೆಯವರಿಗೆ ಸಂತೋಷವೋ ಸಂತೋಷ. ಅತ್ತೆ ಕಾಗದವನ್ನು ದೇವರ ಮುಂದಿಟ್ಟು ದೀಪ ಹಚ್ಚಿದರು. ಅದೇ ಹತ್ತಿಯ ಬತ್ತಿ. ನಾನು ಹಿತ್ತಲಿಗೆ ಹೋಗಲು ಶುರು ಮಾಡಿದ್ದು ಆ ಸಂಜೆಯಿಂದ.

ಆರ್ಡರಿನ ಪೆಟ್ಟಿಗೆಗಳ ಮೊದಲ ಗಾಡಿ ಎತ್ತರದ್ದೇ ಹೋಯಿತು. ಧನುರ್ಮಾಸದ ಚಳಿಯಲ್ಲಿ, ಬೆಳಗಿನ ಮಂಜಿನಲ್ಲಿ ಬಸ್ಸುಗಳು ದೀಪ ಹಾಕಿಕೊಂಡು ಬರುತ್ತಿದ್ದ ಒಂದು ದಿನ, ಬೆಂಚಿನ ಮೇಲೆ ಹೊಸ ಪೆಟ್ಟಿಗೆ ಬಂತು. ಸ್ಪ್ಯಾನರ್ ಹಿಡಿದು ಮೇಲಿನ ಬೋಲ್ಟು ತಿರುಗಿಸಿದೆ. ನನ್ನ ಬೆರಳ ಗೆಣ್ಣು ತರಚಿತು.

ಕೇಶವಮೂರ್ತಿಯವರ ಮುಂದೆ ಕೈ ಹಿಡಿದೆ. ಈ ಸಲ ಊಟ ಬಿಡು ಅನ್ನಲಿಲ್ಲ. "ಟೆಸ್ಟಿಗೆ ಹೋಗೋದು ಒಂದೇ ಪೆಟ್ಟಿಗೆಯಮ್ಮ," ಅಂದರು. ಆಮೇಲೆ, "ನಿಂಗೀಗ ಪರ್ಮನೆಂಟ್ ಆಯ್ತಲ್ಲ," ಅಂದರು.

ಸಂಕ್ರಾಂತಿಗೆ ಎಳ್ಳುಬೆಲ್ಲ ತೆಗೆದುಕೊಂಡು ಮುನಿರಾಜುವಿನ ಮನೆಗೆ ಹೋದೆ. ಎರಡು ಅಂಕಣದ ಹೆಂಚಿನ ಮನೆ, ಮುಂದೆ ಸಗಣಿ ಸಾರಿಸಿದ ಅಂಗಳ. ಅವನು ಈಗ ಮಾಕಳಿಯ ಕಡೆ ಹೊಸ ಮನೆಗಳಿಗೆ ಸುಣ್ಣ ಬಳಿಯಲು ಹೋಗುತ್ತಿದ್ದ. ಹುಬ್ಬು ಬೂದು ಇದ್ದದ್ದು ಬೆಳ್ಳಗಾಗಿತ್ತು. ಗೌರಿ ಕೂರಿಸಿ ಕಬ್ಬು ಕೊಟ್ಟಳು, ಹುಗ್ಗಿ ಕೊಟ್ಟಳು. ಅವಳು ಉಟ್ಟಿದ್ದು ಹಳೆಯ ಸೀರೆ. ಚಿಕ್ಕಪೇಟೆಯ ಅಂಗಡಿಯ ಹೆಸರು ನನ್ನ ಬಾಯಲ್ಲೇ ಉಳಿದಿತ್ತು.

ಪೆಟ್ಟಿಗೆ ಅಂಗಳದ ಮೂಲೆಯಲ್ಲಿ, ನಾಲ್ಕು ಇಟ್ಟಿಗೆಯ ಮೇಲೆ ಇತ್ತು. ಒಳಗೆ ಹುಲ್ಲು ಹಾಸಿದ್ದರು. ಒಂದು ಕೆಂಪು ಹೇಂಟೆ ಕಾವು ಕೂತಿತ್ತು. ಬೆಂಕಿ ಬಿದ್ದ ಕಡೆ ಬಿಟ್ಟರೆ ಮಿಕ್ಕೆಲ್ಲ ಕಡೆ ಅವನ ಬಣ್ಣ ಹಾಗೇ ಹೊಳೆಯುತ್ತಿತ್ತು, ಎಷ್ಟು ಮಳೆ ಬಿದ್ದಿದ್ದರೂ ಒಂದು ತುಕ್ಕಿನ ಚುಕ್ಕೆ ಇಲ್ಲ. ಹತ್ತಿರ ಬಗ್ಗಿ ನೋಡಿದೆ. ಜಾಲರಿಯ ಕಣ್ಣುಗಳೆಲ್ಲ ಬಿಚ್ಚಿದ್ದವು. ಬಿಸಿಲು ಸಣ್ಣ ಸಣ್ಣ ಚುಕ್ಕಿಯಾಗಿ ಕೋಳಿಯ ಬೆನ್ನ ಮೇಲೆ ಬಿದ್ದಿತ್ತು.

"ಮೊಳೆ ತಗಂಡು ಕೂತ್ಕಂಡು ಒಂದೊಂದೇ ತೂತು ಬಿಡ್ಸಿದ್ರು ಕಣಕ್ಕ," ಅಂದಳು ಗೌರಿ. "ಕೆಲಸ ಓದ ವಾರ ಪೂರ್ತಿ ಅದೇ. ಉಣ್ಣಕ್ಕೆ ಕರುದ್ರೂ ಬರ್ತಿರ್ನಿಲ್ಲ."

"ಮುನಿರಾಜು, ತಪ್ಪು ಜಾಲರೀದಲ್ಲ," ಅಂದೆ. "ಎತ್ತರದ್ದು. ಈಗ ಪಾಸಾಗಿದ್ದು ಎತ್ತರದ ಪೆಟ್ಟಿಗೆ."

"ಅವತ್ತು ನೀವು ಓನರ್ ಮುಂದೆ ಏಳಿದ್ದು ಕೇಳಿಸ್ಕಂಡೆ ಕಣಕ್ಕ. ಅವರ ತಪ್ಪು ಅವರಿಗೆ. ತೂತು ಮುಚ್ಚಿದ್ದು ನಾನೇ ಅಲ್ವಾ." ಎಳ್ಳು ತೆಗೆದುಕೊಳ್ಳಲು ಕೈ ನೀಡಿದವನು ನನ್ನ ಬೆರಳಿಗೆ ಸುತ್ತಿದ್ದ ಬಟ್ಟೆ ನೋಡಿದ. ನೋಡಿ, ಸ್ವಲ್ಪ ಹೊತ್ತು ಎಳ್ಳನ್ನು ಬಾಯಿಗೆ ಹಾಕಿಕೊಳ್ಳದೆ ಹಿಡಿದೇ ಇದ್ದ.

"ಮತ್ತೆ ಗಿಡ್ಡ ಮಾಡವ್ರಾ?"

ನಾನು ಹೌದೆಂದು ತಲೆಯಾಡಿಸಿದೆ. ಹೊರಡುವಾಗ ಗೌರಿ ನನ್ನ ಬುಟ್ಟಿಗೆ ನಾಲ್ಕು ಮೊಟ್ಟೆ ಹಾಕಲು ಬಂದಳು. ನಮ್ಮ ಮನೆಯಲ್ಲಿ ತಿನ್ನುವುದಿಲ್ಲವೆಂದು ಅವಳಿಗೇ ಆಮೇಲೆ ನೆನಪಾಗಿ, ಅವರೆಕಾಯಿ ತುಂಬಿಸಿ ಕೊಟ್ಟಳು.

ಮರುದಿನ ಕೆಲಸಕ್ಕೆ ಹೋದಾಗ ಮಂಜು ಇನ್ನೂ ಕರಗಿರಲಿಲ್ಲ. ಪೇಂಟ್ ಬೂತಿನಲ್ಲಿ ಹೊಸಬನೊಬ್ಬ ಬಂದಿದ್ದ, ಹೆಬ್ಬಗೋಡಿ ಕಡೆಯವನಂತೆ. ಗನ್ನು ಪಕ್ಕಕ್ಕಿಟ್ಟು, ಸಣ್ಣ ಬ್ರಷ್ಷು ಹಿಡಿದು, ಪೆಟ್ಟಿಗೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಜಾಲರಿಗೆ ಬಣ್ಣ ಬಳಿಯುತ್ತಿದ್ದ.

"ಜಾಲರಿಗೆ ಬೇಡಪ್ಪಾ, ಕಣ್ಣು ಮುಚ್ಚಿಹೋಗುತ್ತೆ," ಅಂದೆ.

ಅವನು ಕತ್ತೆತ್ತಿ ನೋಡಿ ನಕ್ಕ.

"ಸೂಪರ್‌ವೈಸರ್ ಹೇಳಿದ್ದಾರೆ ಅಕ್ಕ. ತುಕ್ಕು ಕಾಣಬಾರದಂತೆ."